ಖಾಯಂ ವಿಲನ್, ಗುತ್ತಿಗೆ ವಿಲನ್

ಸರ್ಕಾರಿ ನೌಕರನಿಗೆ 60 ತುಂಬಿದರೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಮನೆಗೆ ಕಳಿಸುತ್ತಾರೆ. ಕಾಮಿಕ್ಸಿನ ವಿಲನ್ ಜೋಕರ್‌ಗೆ ಆ ಭಯ ಇಲ್ಲ. 1940ರಲ್ಲಿ ಬ್ಯಾಟ್‌ಮನ್‌ನ ಊರಾದ ಗಾಥಮ್ ನಗರದಲ್ಲಿ ಡ್ಯೂಟಿಗೆ ಹಾಜರಾದವನು ಇವತ್ತಿಗೂ ಅದೇ ಕುರ್ಚಿಯಲ್ಲಿ ಕೂತು ಹಲ್ಲು ಕಿರಿಯುತ್ತಿದ್ದಾನೆ. ಸರ್ವಿಸ್ 85 ವರ್ಷ ದಾಟಿತು. ಸೂಪರ್‌ಮ್ಯಾನ್‌ನ ಶತ್ರು ಲೆಕ್ಸ್ ಲೂಥರ್ ಕೂಡ ಅದೇ ವರ್ಷದ ಬ್ಯಾಚು. ಸೇರುವಾಗ ಅವನ ತಲೆ ತುಂಬ ಕೆಂಪು ಕೂದಲಿತ್ತು. ಮರುವರ್ಷವೇ ಬೋಳು. ಚಿತ್ರ ಬರೆಯುವವರ ಎಡವಟ್ಟು ಅಂತಾರೆ. ಸರ್ವಿಸ್ ರಿಜಿಸ್ಟರ್‌ನಲ್ಲಿ ಒಮ್ಮೆ ತಪ್ಪು ಬಿದ್ದರೆ ತಿದ್ದುವವರು ಯಾರು? ಬೋಳೇ ಖಾಯಂ ಆಯಿತು.

ಬ್ಯಾಟ್‌ಮನ್‌ನ ಉಳಿದ ಶತ್ರುಗಳು ಸೇರಿದ ವರ್ಷ ನೋಡಿ: ಪೆಂಗ್ವಿನ್ 1941, ಟೂ-ಫೇಸ್ 1942, ರಿಡ್ಲರ್ 1948. ಸೀನಿಯಾರಿಟಿ ಲಿಸ್ಟಿನ ಮೇಲಿನವರು ಒಬ್ಬರೂ ಅಲ್ಲಾಡುವುದಿಲ್ಲ. ಅಂದಮೇಲೆ ಹೊಸ ವಿಲನ್‌ಗೆ ಹುದ್ದೆ ಎಲ್ಲಿ ಖಾಲಿಯಾಗಬೇಕು?

ಸತ್ತರೆ ಖಾಲಿಯಾಗುತ್ತದಲ್ವಾ ಅಂದಿರಾ? ಅಯ್ಯೋ, ಅದನ್ನೂ ನೋಡಿ ಆಯಿತು. ಬ್ಯಾಟ್‌ಮನ್ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಜೋಕರ್ ಸಾಯಬೇಕಿತ್ತು. ಅವನದೇ ಚಾಕು ಅವನ ಎದೆಗೇ ನಾಟಿ ಬಿದ್ದಿದ್ದ. ಅಷ್ಟರಲ್ಲಿ ಸಂಪಾದಕ ವಿಟ್ನಿ ಎಲ್ಸ್‌ವರ್ತ್‌ಗೆ ಇವನು ಮುಂದೆ ಕೆಲಸಕ್ಕೆ ಬರುತ್ತಾನೆ ಅನ್ನಿಸಿತು. ಕೊನೆಯಲ್ಲಿ ಇನ್ನೊಂದು ಚಿತ್ರದ ಚೌಕ ಬರೆಸಿದ. ಆಂಬುಲೆನ್ಸಿನಲ್ಲಿ ಮಲಗಿದವನನ್ನು ಮುಟ್ಟಿ ನೋಡಿದ ಡಾಕ್ಟರು, ಇವನಿಗಿನ್ನೂ ಜೀವ ಇದೆ ಅಂತ ಬೆರಗಾಗುತ್ತಾರೆ. ಅಂಗೈಯಗಲದ ಚೌಕ. ಆಮೇಲಿನ ಟೀ-ಶರ್ಟು, ಆಟಿಕೆ, ಆ ವೇಷ ಹಾಕಿದ ಇಬ್ಬರು ನಟರಿಗೆ ಬಂದ ಆಸ್ಕರ್, ಎಲ್ಲ ಅದರ ಮೇಲೇ ನಿಂತಿದೆ.

ಖಾಯಂ ನೌಕರನ ಗತ್ತು ನೋಡಬೇಕಿದ್ದರೆ 1966ರ ಟಿವಿ ಧಾರಾವಾಹಿಯ ಜೋಕರ್‌ನನ್ನು ನೋಡಬೇಕು. ಸೀಸರ್ ರೊಮೆರೊ ಅನ್ನುವ ನಟ. ಮೀಸೆ ಬೋಳಿಸಲ್ಲ ಅಂತ ಪಟ್ಟು ಹಿಡಿದ. ಕೊನೆಗೆ ಬಿಳಿ ಬಣ್ಣವನ್ನು ಮೀಸೆಯ ಮೇಲೆಯೇ ಬಳಿದರು. ಕ್ಯಾಮೆರಾ ಹತ್ತಿರ ಹೋದಾಗಲೆಲ್ಲ, ಸುಣ್ಣ ಹೊಡೆದ ಗೋಡೆಯಡಿ ಹಳೇ ಪೋಸ್ಟರ್ ಕಾಣುವ ಹಾಗೆ, ಮೀಸೆ ಕಾಣುತ್ತಿತ್ತು.

ಸ್ಪೈಡರ್‌ಮ್ಯಾನ್ ಇಲಾಖೆಯ ಕಥೆ ಇನ್ನೂ ಚೆಂದ. ಗ್ರೀನ್ ಗಾಬ್ಲಿನ್ ಯಾನೆ ನಾರ್ಮನ್ ಆಸ್ಬಾರ್ನ್ 1973ರಲ್ಲಿ, ಡ್ಯೂಟಿಯಲ್ಲಿದ್ದಾಗಲೇ, ತನ್ನದೇ ಗ್ಲೈಡರ್ ಎದೆಗೆ ಚುಚ್ಚಿ ತೀರಿಕೊಂಡ. ಮರುವರ್ಷ ಮಗ ಹ್ಯಾರಿ ಅಪ್ಪನ ಮುಖವಾಡ ಹಾಕಿಕೊಂಡು ಕೆಲಸಕ್ಕೆ ಹಾಜರ್. ನಮ್ಮಲ್ಲಿ ಇದಕ್ಕೆ ಅನುಕಂಪದ ನೌಕರಿ ಅನ್ನುತ್ತೇವೆ. ಸರಿ, ನಿಯಮದ ಪ್ರಕಾರವೇ ಆಯಿತು ಅಂದುಕೊಂಡರೆ 1996ರಲ್ಲಿ ಅಪ್ಪ ವಾಪಸ್ಸು! ಸತ್ತೇ ಇರಲಿಲ್ಲವಂತೆ, ಇಷ್ಟು ದಿನ ಯುರೋಪಿನಲ್ಲಿದ್ದನಂತೆ. 23 ವರ್ಷ ರಜೆ, ಒಂದು ರಜೆ ಚೀಟಿಯೂ ಇಲ್ಲ. ಅಷ್ಟರಲ್ಲಿ ಮಗ ಹೋಗಿಬಿಟ್ಟಿದ್ದ. ಆಮೇಲೆ ಮಗನೂ ಎದ್ದು ಬಂದ. ಆ ಮನೆಯಲ್ಲಿ ತಿಥಿ ಮಾಡಿಸಲು ಒಪ್ಪಿಕೊಂಡ ಪುರೋಹಿತರ ಗತಿ ಏನು ಹೇಳಿ.

ಇನ್ನು ಶಿಸ್ತುಕ್ರಮ. 1988ರಲ್ಲಿ ಬ್ಯಾಟ್‌ಮನ್‌ನ ಶಿಷ್ಯ ಎರಡನೇ ರಾಬಿನ್, ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಅಂತ, ಬ್ಯಾಟ್‌ಮನ್ ಪುಸ್ತಕ ಹೊರತರುವ ಡಿಸಿ ಕಾಮಿಕ್ಸ್ ಕಂಪನಿ ಓದುಗರಿಂದ ಫೋನ್ ವೋಟು ಹಾಕಿಸಿತು. ಒಂದು ಕರೆಗೆ 50 ಸೆಂಟ್. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ನಮ್ಮಲ್ಲಿ ಗ್ರಾಮ ಪಂಚಾಯಿತಿಯಲ್ಲಾದರೆ 72 ವೋಟಿನ ಅಂತರಕ್ಕೆ ಮರುಎಣಿಕೆ ಕೇಳುತ್ತಿದ್ದರು. ಅಲ್ಲಿ ಹುಡುಗ ಹೋಗೇಬಿಟ್ಟ. ಕೊಂದವನು ಜೋಕರ್. ಅವನಿಗೆ ಆದ ಶಿಕ್ಷೆ? ಅದೇ ಕಥೆಯ ಮುಂದಿನ ಕಂತಿನಲ್ಲಿ ವಿಶ್ವಸಂಸ್ಥೆಗೆ ಇರಾನಿನ ರಾಯಭಾರಿ ಆಗುತ್ತಾನೆ. ನಾನು ಸುಮ್ನೆ ಹೇಳುತ್ತಿಲ್ಲ, ಅಚ್ಚಾಗಿದೆ. ತಪ್ಪು ಮಾಡಿದವನನ್ನು ಇನ್ನೂ ಒಳ್ಳೆಯ ಜಾಗಕ್ಕೆ ವರ್ಗ ಮಾಡುವುದು ನಮ್ಮೊಬ್ಬರ ಸಂಪ್ರದಾಯ ಅಂದುಕೊಂಡಿದ್ದೆ. (2005ರಲ್ಲಿ ಜೇಸನ್ ಕೂಡ ಎದ್ದು ಬಂದ. ವೋಟು ಹಾಕಿದವರಿಗೆ 50 ಸೆಂಟ್ ವಾಪಸ್ ಬಂದಂತಿಲ್ಲ.)

ಇಂಥ ಕಚೇರಿಗೆ ಹೊಸ ವಿಲನ್ ಅರ್ಜಿ ಹಿಡಿದು ಬರುತ್ತಾನೆ ಅಂದುಕೊಳ್ಳಿ. ಅವನ ಪಾಡು ಅತಿಥಿ ಉಪನ್ಯಾಸಕರದ್ದು. ಮೊದಲ ದಿನವೇ ಪವಾಡ ಮಾಡಿ ತೋರಿಸಬೇಕು. 1992ರ ನವೆಂಬರಿನಲ್ಲಿ ಡೂಮ್ಸ್‌ಡೇ ಎಂಬವನು ಸೂಪರ್‌ಮ್ಯಾನ್‌ನನ್ನೇ ಕೊಂದ. ಕೊಂದು ತಾನೂ ಸತ್ತ, ಪಾಪ, ಪ್ರೊಬೇಷನ್ ಕೂಡ ಮುಗಿದಿರಲಿಲ್ಲ. ಆ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಹಾಕಿ, ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ ಸಮೇತ ಮಾರಿದರು. ಜನ ಓದಲು ಒಂದು, ಬಿಚ್ಚದೆ ಇಡಲು ಒಂದು ಅಂತ ಕೊಂಡರು. ಮರುವರ್ಷ ಸೂಪರ್‌ಮ್ಯಾನ್ ಎದ್ದು ಬಂದ. ಪಟ್ಟಿ ಕಟ್ಟಿಕೊಂಡು ಅತ್ತವರು ಅದನ್ನು ಬಿಚ್ಚಿ ಏನು ಮಾಡಿದರೋ. ಅದೇ 1993ರಲ್ಲಿ ಬೇನ್ ಎಂಬ ಹೊಸ ವಿಲನ್ ಬಂದು ಬ್ಯಾಟ್‌ಮನ್‌ನನ್ನು ಮೊಣಕಾಲಿನ ಮೇಲೆ ಹಾಕಿ ಬೆನ್ನು ಮುರಿದ. ಬೆನ್ನು ಸರಿಹೋಯಿತು, ಬೇನ್ ಕೆಲಸದಲ್ಲಿ ಉಳಿದ. ಅಪರೂಪಕ್ಕೆ ಹಾಗೂ ಆಗುತ್ತದೆ. ಜೋಕರ್‌ನ ಸಂಗಾತಿ ಹಾರ್ಲಿ ಕ್ವಿನ್ ದಾರಿ ಬೇರೆ. ಅವಳು ಹುಟ್ಟಿದ್ದು 1992ರ ಟಿವಿ ಕಾರ್ಟೂನಿನಲ್ಲಿ. ಅಲ್ಲಿಂದ ಕಾಮಿಕ್ಸಿಗೆ ನಿಯೋಜನೆ ಮೇಲೆ ಬಂದು, ಬ್ಯಾಟ್‌ಮನ್‌ನ ಮುಖ್ಯ ಕಥೆಯಲ್ಲಿ ಕಾಲೂರಲು 1999 ಆಯಿತು. ಏಳು ವರ್ಷ ಫೈಲು ಯಾವ ಟೇಬಲ್ಲಿನಲ್ಲಿತ್ತೋ.

ಉಳಿದವರನ್ನು ಕೇಳಬೇಡಿ. ಹಿಂದೆಂದೂ ಕಾಣದ ಭಯಂಕರ ಶತ್ರು ಅಂತ ಡಂಗುರ, ಮುಖಪುಟದಲ್ಲಿ ಬೆಂಕಿ, ಆರು ಸಂಚಿಕೆ, ನಮಸ್ಕಾರ.

ಒಳ್ಳೆಯ ಹೊಸ ವಿಲನ್‌ಗಳನ್ನು ಯಾಕೆ ಹುಟ್ಟಿಸುವುದಿಲ್ಲ? ಬರೆಯುವವರಿಗೆ ಬುದ್ಧಿ ಇಲ್ಲ ಅಂತಲ್ಲ. ಜಾಸ್ತಿ ಬುದ್ಧಿ ಬಂದಿದೆ. 1938ರಲ್ಲಿ ಸೀಗಲ್ ಮತ್ತು ಶುಸ್ಟರ್ ತಾವೇ ಹುಟ್ಟಿಸಿದ ಸೂಪರ್‌ಮ್ಯಾನ್‌ನನ್ನು 130 ಡಾಲರಿಗೆ ಕಂಪನಿಗೆ ಬರೆದುಕೊಟ್ಟ ಕಥೆ ಅವರಿಗೆಲ್ಲ ಬಾಯಿಪಾಠ. ಕಂಪನಿಗೆ ಬರೆದುಕೊಟ್ಟ ಪಾತ್ರ ಕಂಪನಿಯ ಆಸ್ತಿ. ಇದೇ ಸಿಟ್ಟಿಗೆ 1992ರಲ್ಲಿ, ಸ್ಪೈಡರ್‌ಮ್ಯಾನ್ ಹೊರತರುವ ಮಾರ್ವೆಲ್ ಕಂಪನಿಯ ದೊಡ್ಡ ಕಲಾವಿದರು ಹೊರಬಂದು ಇಮೇಜ್ ಕಾಮಿಕ್ಸ್ ಕಟ್ಟಿದರು. ಅಂದಮೇಲೆ ಒಳಗೆ ಉಳಿದವನು ಮಾಡುವುದೇನು? ಒಳ್ಳೆಯ ವಿಲನ್‌ನನ್ನು ತನ್ನ ಸ್ವಂತ ಪುಸ್ತಕಕ್ಕೆ ಅಂತ ಟೇಬಲ್ ಡ್ರಾಯರಿನಲ್ಲಿ ಬೀಗ ಹಾಕಿಟ್ಟು, ಕಂಪನಿಗೆ ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಬಡಿಸುತ್ತಾನೆ. ಸ್ಪೈಡರ್‌ಮ್ಯಾನ್ ಬಿಸಾಕಿದ, ಜೀವ ಇರುವ ಕಪ್ಪು ಉಡುಪಿನಿಂದ 1988ರಲ್ಲಿ ವೆನಮ್ ಎಂಬ ವಿಲನ್. ವೆನಮ್‌ನಿಂದ ಒಡೆದು 1992ರಲ್ಲಿ ಕಾರ್ನೇಜ್. ಕಾರ್ನೇಜ್ ಜೊತೆ ಮತ್ತದೇ ನಾರ್ಮನ್ ಆಸ್ಬಾರ್ನ್‌ನನ್ನು ಕಲಸಿ 2018ರಲ್ಲಿ ರೆಡ್ ಗಾಬ್ಲಿನ್. ಆ ಕಡೆ ಡಿಸಿ 2017ರಲ್ಲೇ ಬ್ಯಾಟ್‌ಮನ್‌ಗೆ ಜೋಕರ್‌ನನ್ನು ಬೆರೆಸಿ, ನಗುವ ಬ್ಯಾಟ್‌ಮನ್ ಅಂತ ಹೊಸ ವಿಲನ್ ಮಾಡಿ ತಟ್ಟೆಗೆ ಹಾಕಿತ್ತು. ಮೇಲೆ ಒಂದಿಷ್ಟು ಕೊತ್ತಂಬರಿ ಸೊಪ್ಪು.

ಹಾಗಂತ ಹಳೆಯವರೆಲ್ಲ ವಜ್ರ ಅನ್ನುವ ಹಿರಿಯರನ್ನೂ ನಾನು ನಂಬುವುದಿಲ್ಲ. 1960ರಲ್ಲಿ ಕೈಟ್ ಮ್ಯಾನ್ ಬಂದ. ಗಾಳಿಪಟ ಹಾರಿಸಿಕೊಂಡು ಕಳ್ಳತನ ಮಾಡುವುದು ಅವನ ಕಸುಬು. 1963ರಲ್ಲಿ ಪೇಸ್ಟ್-ಪಾಟ್ ಪೀಟ್. ಬಕೆಟ್ ತುಂಬ ಗೋಂದು, ಕೈಯಲ್ಲೊಂದು ಗೋಂದು ಹಾರಿಸುವ ಬಂದೂಕು. ರಾತ್ರಿ ಸಿನಿಮಾ ಪೋಸ್ಟರ್ ಅಂಟಿಸಲು ಹೊರಟವನ ಹಾಗಿದ್ದ. ಅವನಿಗೇ ನಾಚಿಕೆಯಾಗಿ ಆಮೇಲೆ ಟ್ರ್ಯಾಪ್‌ಸ್ಟರ್ ಅಂತ ಹೆಸರು ಬದಲಿಸಿಕೊಂಡ. ಇಂಥವರನ್ನು ಮರೆತು ಜೋಕರ್‌ನೊಬ್ಬನನ್ನು ನೆನಪಿಟ್ಟುಕೊಂಡರೆ ಆ ಕಾಲ ಬಂಗಾರವಾಗಿ ಕಾಣದೆ ಇನ್ನೇನು?

ಮೊನ್ನೆ ಬೆಂಗಳೂರಿನ ಒಂದು ಪುಸ್ತಕದಂಗಡಿಯಲ್ಲಿ ಛಲದಿಂದ ಹೊಸ ವಿಲನ್ ಇರುವ ಸಂಚಿಕೆ ಕೈಗೆತ್ತಿಕೊಂಡೆ. ಪ್ಲಾಸ್ಟಿಕ್ ಕವರ್, ಹಿಂದೆ ರಟ್ಟು, ಮೇಲೆ ಟೇಪು. ಅಂಗಡಿ ಹುಡುಗ ಓಡಿ ಬಂದ.

"ಸರ್, ಅದು ಆ ವಿಲನ್‌ನ ಫಸ್ಟ್ ಅಪಿಯರೆನ್ಸ್. ಬಿಚ್ಚಬೇಡಿ, ಮುಂದೆ ರೇಟ್ ಬರುತ್ತೆ."

"ಕಥೆ ಹೇಗಿದೆಯಪ್ಪಾ?"

"ಗೊತ್ತಿಲ್ಲ ಸರ್. ಯಾರೂ ಬಿಚ್ಚಿಲ್ಲ."

ಪಕ್ಕದ ರ್ಯಾಕಿನಲ್ಲಿ ಜೋಕರ್ ಹಲ್ಲು ಕಿರಿಯುತ್ತಿದ್ದ. ಅದನ್ನೇ ಬಿಲ್ ಮಾಡಿಸಿದೆ. ಮನೆಗೆ ಬಂದು ಎರಡು ಪುಟ ಓದಿದ ಮೇಲೆ ಅನುಮಾನ ಬಂತು. ಕಪಾಟು ತೆಗೆದು ನೋಡಿದರೆ ಅದೇ ಕಥೆ, ಬೇರೆ ಮುಖಪುಟದಲ್ಲಿ, ಆಗಲೇ ಎರಡು ಪ್ರತಿ ಇದ್ದವು.