ಕಳ್ಳನಿಗೇ ಓಟು ಹಾಕಿ, ಪ್ಲೀಸ್

ಪ್ರಾಮಾಣಿಕ ರಾಜಕಾರಣಿ ಸಿಗ್ತಿಲ್ಲ ಅಂತ ಗೋಳಾಡುವವರು ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಡೆ ಒಮ್ಮೆ ನೋಡಬೇಕು. ಅಲ್ಲಿ ಎಡ್ವಿನ್ ಎಡ್ವರ್ಡ್ಸ್ ಅಂತ ಒಬ್ಬ ಗವರ್ನರ್ ಇದ್ದರು. ನಾಲ್ಕು ಸಲ ಗೆದ್ದು ಒಟ್ಟು 16 ವರ್ಷ ಆಳಿದರು. ನಾನು ಸಾಚಾ ಅಂತ ಜನರನ್ನು ನಂಬಿಸೋಕೆ ಅವರು ಜಾಸ್ತಿ ಕಷ್ಟಪಟ್ಟವರಲ್ಲ. ಜನರೂ ನಂಬೋಕೆ ಜಾಸ್ತಿ ಕಷ್ಟಪಡಲಿಲ್ಲ. ಎರಡೂ ಕಡೆ ಇಷ್ಟು ಪ್ರಾಮಾಣಿಕತೆ ಬೇರೆ ಎಲ್ಲಿ ಸಿಗುತ್ತೆ ಹೇಳಿ?

ಅಂದಹಾಗೆ, ಅಲ್ಲಿನ ಗವರ್ನರ್ ಅಂದ್ರೆ ರಾಜಭವನದಲ್ಲಿ ಕೂತು ಸರ್ಕಾರ ಬರೆದುಕೊಟ್ಟ ಭಾಷಣ ಓದುವವರಲ್ಲ. ಜನರೇ ನೇರವಾಗಿ ಓಟು ಹಾಕಿ ಕೂರಿಸುವ, ನಮ್ಮ ಮುಖ್ಯಮಂತ್ರಿಯಂಥ ಕುರ್ಚಿ ಅದು.

ಸಾಹೇಬರು ಹುಟ್ಟಿದ್ದು 1927ರಲ್ಲಿ, ಮಾರ್ಕ್ಸ್‌ವಿಲ್ ಊರಿನ ಹತ್ತಿರ, ಬಡ ರೈತರ ಮನೆಯಲ್ಲಿ. ಫ್ರೆಂಚೂ ಬರುತ್ತಿತ್ತು, ಇಂಗ್ಲಿಷೂ ಬರುತ್ತಿತ್ತು, ಎರಡರಲ್ಲೂ ನಗಿಸೋಕೆ ಬರುತ್ತಿತ್ತು. ವಕೀಲರಾದರು, ವಾಷಿಂಗ್ಟನ್‌ಗೆ ಸಂಸದರಾಗಿ ಹೋದರು, 1972ರಲ್ಲಿ ಗವರ್ನರ್ ಆದರು. ಅದೇ ವರ್ಷ ರಾಜ್ಯದ ಹಿರಿಯ ಸೆನೆಟರ್ ಒಬ್ಬರು ತೀರಿಕೊಂಡರು. ಖಾಲಿಯಾದ ಜಾಗಕ್ಕೆ ತಾತ್ಕಾಲಿಕವಾಗಿ ಯಾರನ್ನಾದರೂ ನೇಮಿಸುವ ಅಧಿಕಾರ ಗವರ್ನರಿಗಿತ್ತು. ಸಾಹೇಬರು ಇಡೀ ರಾಜ್ಯದಲ್ಲಿ ಯೋಗ್ಯರನ್ನು ಹುಡುಕಿದರು. ಹುಡುಕಾಟ ಅಡುಗೆಮನೆಯ ಬಾಗಿಲಲ್ಲೇ ಮುಗಿಯಿತು. ಹೆಂಡತಿ ಎಲೇನ್ ಸೆನೆಟರ್ ಆದರು, ಮೂರು ತಿಂಗಳ ಮೇಲೆ ಆ ಸ್ಥಾನದಲ್ಲಿದ್ದರು.

ಇದೇ ಎಲೇನ್ ಅವರಿಗೆ 1971ರ ಚುನಾವಣೆ ಹೊತ್ತಿಗೆ ಕೊರಿಯಾದ ಒಬ್ಬ ಅಕ್ಕಿ ವ್ಯಾಪಾರಿ ಲಕೋಟೆಯಲ್ಲಿ 10,000 ಡಾಲರ್ ನಗದು ಕೊಟ್ಟಿದ್ದು ಆಮೇಲೆ ಬಯಲಾಯಿತು. ಎಡ್ವರ್ಡ್ಸ್ ಅಲ್ಲಗಳೆಯಲಿಲ್ಲ. ಅಕ್ರಮ ದೇಣಿಗೆ ಬಗ್ಗೆ ಒಮ್ಮೆ ಕೇಳಿದಾಗ ಅವರು ಕೊಟ್ಟ ಉತ್ತರ, ಕೊಡೋದು ಅವರಿಗೆ ಅಪರಾಧ, ತಗೊಳ್ಳೋದು ನನಗೆ ಅಪರಾಧ ಅಲ್ಲ ಅಂತ. ಈ ಸೂತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಜನರಿಗೆ ಸಿಟ್ಟು ಬರಲಿಲ್ವಾ? ಯಾಕೆ ಬರಬೇಕು? ಆಗ ತೈಲದ ಕಾಲ. ಬ್ಯಾರೆಲ್‌ಗೆ ಇಷ್ಟು ಅಂತ ಇದ್ದ ತೆರಿಗೆಯನ್ನು ಎಡ್ವರ್ಡ್ಸ್ ತೈಲದ ಬೆಲೆಗೇ ಗಂಟುಹಾಕಿದರು. ಬೆಲೆ ಏರಿತು, ಬೊಕ್ಕಸ ತುಂಬಿತು. ರಾಜ್ಯಕ್ಕೆ ಹೊಸ ಸಂವಿಧಾನ ಬಂತು. ಅಲ್ಲಿಯವರೆಗೆ ಬಾಗಿಲ ಹೊರಗೇ ನಿಂತಿದ್ದ ಕಪ್ಪು ಜನರಿಗೆ ಸರ್ಕಾರದಲ್ಲಿ ಜಾಗ ಸಿಕ್ಕಿತು, ಇದು ನಿಜವಾಗಿಯೂ ದೊಡ್ಡ ಕೆಲಸ, ತಮಾಷೆ ಮಾಡುವಂಥದ್ದಲ್ಲ. ಉಳಿದದ್ದಕ್ಕೆ ಜನರ ಹತ್ತಿರ ಸಿದ್ಧ ಉತ್ತರ ಇತ್ತು: ತಿಂದ್ರೆ ತಿನ್ನಲಿ, ಕೆಲಸ ಮಾಡ್ತಾನಲ್ಲ. (ಇದನ್ನು ಓದುವಾಗ ಬೇರೆ ಯಾವ ರಾಜ್ಯವೂ ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ.)

ಸತತ ಎರಡು ಅವಧಿ ಮುಗಿದ ಮೇಲೆ ಕುರ್ಚಿ ಬಿಡಬೇಕು ಅನ್ನೋದು ಅಲ್ಲಿನ ಕಾನೂನು. ಹಾಗಾಗಿ 1980ರಲ್ಲಿ ಡೇವಿಡ್ ಟ್ರೀನ್ ಅನ್ನುವವರು ಬಂದರು. ಪಾಪ, ಟ್ರೀನ್ ಒಳ್ಳೆಯವರು. ಅದೇ ಅವರ ತೊಂದರೆ. ಭಾಷಣ ಸಪ್ಪೆ, ಹಗರಣ ಇಲ್ಲ, ಪೇಪರಿನವರಿಗೆ ಬರೆಯೋಕೆ ಏನೂ ಇಲ್ಲ. 1983ರ ಪ್ರಚಾರದಲ್ಲಿ ಎಡ್ವರ್ಡ್ಸ್, 'ಸಿಕ್ಸ್ಟಿ ಮಿನಿಟ್ಸ್' ಅನ್ನೋ ಟಿವಿ ಕಾರ್ಯಕ್ರಮ ನೋಡಿ ಮುಗಿಸೋಕೆ ಈ ಟ್ರೀನ್‌ಗೆ ಒಂದೂವರೆ ಗಂಟೆ ಬೇಕು ಅಂದರು. ರಾಜ್ಯ ಬಿದ್ದು ಬಿದ್ದು ನಕ್ಕಿತು. ಆಮೇಲೆ ನಕ್ಕವರೆಲ್ಲ ಸಾಲಾಗಿ ಹೋಗಿ ಓಟು ಹಾಕಿದರು, ಶೇಕಡಾ 60ಕ್ಕೂ ಜಾಸ್ತಿ.

ಗೆಲುವು ಬಂತು, ಜೊತೆಗೆ 40 ಲಕ್ಷ ಡಾಲರ್‌ಗೂ ಮೀರಿದ ಪ್ರಚಾರದ ಸಾಲವೂ ಬಂತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಸಾಹೇಬರು ವಿಮಾನ ಬುಕ್ ಮಾಡಿದರು. 1984ರ ಜನವರಿಯಲ್ಲಿ ಸುಮಾರು 600 ಅಭಿಮಾನಿಗಳು ತಲೆಗೆ 10,000 ಡಾಲರ್ ಕೊಟ್ಟು ಅವರ ಜೊತೆ ಪ್ಯಾರಿಸ್ಸಿಗೆ ಹಾರಿದರು. ಗವರ್ನರ್ ಜೊತೆ ವರ್ಸೇಲ್ಸ್ ಅರಮನೆ ನೋಡುವ ಭಾಗ್ಯಕ್ಕೆ ಇಷ್ಟು ದುಡ್ಡು ಸುರಿದವರೆಲ್ಲ ಬರೀ ಅರಮನೆ ನೋಡೋಕೇ ಹೋಗಿದ್ದರು ಅಂತ ನಂಬೋಣ. ವಾಪಸ್ ಬಂದರೆ ತೈಲದ ದುಡ್ಡು ಬತ್ತುತ್ತಿತ್ತು. ಸಾಹೇಬರು ತಮ್ಮ ಸಾಲ ತೀರಿಸಿಕೊಂಡಾಗಿತ್ತು. ರಾಜ್ಯದ ಕೊರತೆ ತುಂಬೋಕೆ ಮಾತ್ರ ಜನರ ಮೇಲೆ ತೆರಿಗೆ ಹಾಕಿದರು.

ಮರುವರ್ಷ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಪರ್ಮಿಟ್ ವಿಷಯದಲ್ಲಿ ಕೇಸು ಬಿತ್ತು. ಕೋರ್ಟಿಗೆ ಕಾರಲ್ಲಿ ಹೋಗೋದು ಬೇಜಾರಾಯ್ತೇನೋ, ಒಂದು ದಿನ ಹೋಟೆಲಿಂದ ಹೇಸರಗತ್ತೆ ಸವಾರಿಯಲ್ಲಿ ಬಂದಿಳಿದರು. ಜೂಜಿನ ಸಾಲ ತೀರಿಸೋಕೆ ಸೂಟ್‌ಕೇಸಿನಲ್ಲಿ ನಗದು ಹೋಗುತ್ತಿತ್ತು ಅಂತ ಸಾಕ್ಷಿಗಳು ಹೇಳಿದರು. ಮೊದಲ ವಿಚಾರಣೆಯಲ್ಲಿ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪು, ಒಂದು ತೀರ್ಮಾನಕ್ಕೆ ಬರಲಿಲ್ಲ. 1986ರಲ್ಲಿ ಎರಡನೆಯದರಲ್ಲಿ ಖುಲಾಸೆ. ಆ ಜ್ಯೂರಿಯವರಲ್ಲಿ ಅರ್ಧ ಜನ ಹೋಟೆಲ್ ಖಾಲಿ ಮಾಡುವಾಗ ಟವೆಲ್ ಕದ್ದುಕೊಂಡು ಹೋದರು, ಅದನ್ನು ಕೇಳಿ ಎಡ್ವರ್ಡ್ಸ್ 'ನನ್ನ ಸರೀಕರೇ ನನ್ನ ನ್ಯಾಯ ತೀರ್ಮಾನ ಮಾಡಿದ್ದಾರೆ' ಅಂದರು ಅನ್ನೋ ಕಥೆಯನ್ನು ಅಲ್ಲಿನವರು ಈಗಲೂ ಖುಷಿಯಿಂದ ಹೇಳುತ್ತಾರೆ. ಟವೆಲ್ ಕದ್ದವರ ಮೇಲೂ ಯಾರಿಗೂ ಸಿಟ್ಟಿಲ್ಲ ನೋಡಿ.

1987ರಲ್ಲಿ ಜನರಿಗೆ ಸ್ವಲ್ಪ ದಿನ ಸುಧಾರಣೆಯ ಹುಚ್ಚು ಹಿಡಿಯಿತು. ಬಡಿ ರೋಮರ್ ಗೆದ್ದರು. ಎಡ್ವರ್ಡ್ಸ್ ಕಥೆ ಮುಗೀತು ಅಂತ ಎಲ್ಲರೂ ಬರೆದರು. ಆದರೆ 1991ರಲ್ಲಿ ರೋಮರ್ ಮೂರನೇ ಸ್ಥಾನಕ್ಕೆ ಬಿದ್ದರು. ಕೊನೆಯ ಸುತ್ತಿಗೆ ಉಳಿದವರು ಇಬ್ಬರು. ಒಬ್ಬರು ಎಡ್ವರ್ಡ್ಸ್. ಇನ್ನೊಬ್ಬ ಡೇವಿಡ್ ಡ್ಯೂಕ್, ಬಿಳಿಯರೇ ಶ್ರೇಷ್ಠ ಅಂತ ಮುಸುಕು ಹಾಕಿಕೊಂಡು ಮೆರೆದ ಕು ಕ್ಲಕ್ಸ್ ಕ್ಲಾನ್‌ನ ಮಾಜಿ ನಾಯಕ.

ಈಗ ಸಭ್ಯರಿಗೆ ಸಂಕಟ ಶುರುವಾಯಿತು. ವರ್ಷಗಟ್ಟಲೆ ಎಡ್ವರ್ಡ್ಸ್‌ನನ್ನು ಬೈದವರೇ ಕಾರಿನ ಬಂಪರಿಗೆ ಸ್ಟಿಕ್ಕರ್ ಅಂಟಿಸಿಕೊಂಡರು: 'ಕಳ್ಳನಿಗೆ ಓಟು ಹಾಕಿ. ಇದು ಮುಖ್ಯ.' ಸೋತ ರೋಮರ್ ಕೂಡ ಅವರಿಗೇ ಬೆಂಬಲ ಕೊಟ್ಟರು. ಪ್ರಪಂಚದಲ್ಲಿ ಎಷ್ಟೋ ಕಳ್ಳರು ಓಟು ಕೇಳಿದ್ದಾರೆ, ಆದರೆ ಕಳ್ಳ ಅನ್ನೋದನ್ನೇ ಅರ್ಹತೆಯಾಗಿ ಬರೆದುಕೊಂಡು ಊರಿನ ಮರ್ಯಾದಸ್ಥರು ಬೀದಿ ಬೀದಿ ಸುತ್ತಿದ್ದು ಇಲ್ಲೇ ಇರಬೇಕು. ಗೆಲ್ಲೋಕೆ ಏನು ಮಾಡಬೇಕು ಅಂತ ಕೇಳಿದ್ದಕ್ಕೆ ಅಭ್ಯರ್ಥಿಯ ಉತ್ತರ, ಸಾಯದೇ ಇದ್ದರೆ ಸಾಕು. ಸಾಯಲಿಲ್ಲ, ಶೇಕಡಾ 61 ಬಂತು. ಎಲ್ಲರೂ ಪ್ರಜಾಪ್ರಭುತ್ವ ಉಳಿಯಿತು ಅಂತ ನಿಟ್ಟುಸಿರು ಬಿಟ್ಟರು. ಬಿಳಿಯರ ಓಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ಯೂಕ್‌ಗೆ ಬಿದ್ದಿತ್ತು ಅನ್ನೋ ವಿಷಯವನ್ನು ಮಾತ್ರ ಯಾರೂ ಬಂಪರಿಗೆ ಅಂಟಿಸಿಕೊಳ್ಳಲಿಲ್ಲ.

ಉಳಿದದ್ದು ಬೇಗ ಹೇಳಬಹುದು. ನದಿಯಲ್ಲಿ ತೇಲುವ ಕ್ಯಾಸಿನೊಗಳಿಗೆ ಲೈಸೆನ್ಸ್ ಕೊಡುವ ಕಾಲ ಬಂತು, ದುಡ್ಡೂ ತೇಲಿತು. ಎಡ್ಡಿ ಡಿಬಾರ್ಟೊಲೊ ಅನ್ನುವ ಫುಟ್‌ಬಾಲ್ ತಂಡದ ಮಾಲೀಕರು ತಾವು 4 ಲಕ್ಷ ಡಾಲರ್ ಕೊಟ್ಟಿದ್ದಾಗಿ ಕೋರ್ಟಿನಲ್ಲಿ ಹೇಳಿದರು. 2000ದಲ್ಲಿ ಎಡ್ವರ್ಡ್ಸ್ ತಪ್ಪಿತಸ್ಥ ಅಂತ ತೀರ್ಪು ಬಂತು, ಮರುವರ್ಷ 10 ವರ್ಷ ಶಿಕ್ಷೆ. ಮಾದರಿ ಪ್ರಜೆಯಾಗಿದ್ದೆ, ಮಾದರಿ ಕೈದಿಯಾಗಿಯೂ ಇರ್ತೀನಿ ಅಂದರು. ಆ ಹಳೇ ಸೂತ್ರ ನೆನಪಿದೆಯಲ್ವಾ? ಕಾನೂನು ಅದನ್ನು ತಿರುವಿ ಹಾಕಿತು. ತಗೊಂಡವರು ಎಂಟು ವರ್ಷಕ್ಕೂ ಜಾಸ್ತಿ ಒಳಗಿದ್ದರು. ಕೊಟ್ಟವರು ಜೈಲಿಗೇ ಹೋಗಲಿಲ್ಲ, ದಂಡ ಕಟ್ಟಿದರು, 2020ರಲ್ಲಿ ಟ್ರಂಪ್ ಅವರಿಗೆ ಕ್ಷಮಾದಾನವನ್ನೂ ಕೊಟ್ಟರು. ಇನ್ನು ಎಡ್ವರ್ಡ್ಸ್‌ರನ್ನು ಬೇಗ ಬಿಡಿ ಅಂತ ವಾಷಿಂಗ್ಟನ್‌ಗೆ ಅಲೆದವರು ಯಾರು ಗೊತ್ತಾ? ಅದೇ ಸಪ್ಪೆ ಟ್ರೀನ್.

2011ರಲ್ಲಿ ಹೊರಬಂದರು. 83ನೇ ವಯಸ್ಸಿನಲ್ಲಿ ತಮಗಿಂತ ಸುಮಾರು 50 ವರ್ಷ ಚಿಕ್ಕವಳನ್ನು ಮದುವೆಯಾದರು, ಮಗು ಆಯಿತು, ಟಿವಿಯವರು ಅದನ್ನೇ ರಿಯಾಲಿಟಿ ಶೋ ಮಾಡಿದರು. 2014ರಲ್ಲಿ ಮತ್ತೆ ಚುನಾವಣೆಗೆ ನಿಂತರು. ಗವರ್ನರ್ ಹುದ್ದೆಗಲ್ಲ, ಶಿಕ್ಷೆ ಅನುಭವಿಸಿದವರು ತಕ್ಷಣ ಅದಕ್ಕೆ ನಿಲ್ಲೋಕೆ ರಾಜ್ಯದ ಕಾನೂನು ಬಿಡಲ್ಲ. ಇಡೀ ಅಮೆರಿಕಕ್ಕೆ ಕಾನೂನು ಬರೆಯುವ ಸಂಸತ್ತಿಗೆ ನಿಲ್ಲೋಕೆ ಅಡ್ಡಿಯಿಲ್ಲ! ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಬಂದರು, ಎರಡನೆಯದರಲ್ಲಿ ಸೋತರು. ಜೈಲಿಗೆ ಹೋಗಿ ಬಂದಿದ್ದಕ್ಕೆ ಸೋತರು ಅಂದುಕೊಳ್ಳಬೇಡಿ. ಅದು ರಿಪಬ್ಲಿಕನ್ನರ ಕ್ಷೇತ್ರ, ಇವರು ಡೆಮಾಕ್ರಟ್. ಎಲ್ಲವನ್ನೂ ಕ್ಷಮಿಸಬಹುದು, ಪಕ್ಷ ಬೇರೆ ಆಗಿದ್ದನ್ನು ಹೇಗೆ ಕ್ಷಮಿಸೋದು?