ಬೆಚ್ಚಗಿರುವಾಗಲೇ ತಿರುವಿ ನೋಡಿ
ಮನೆಯಲ್ಲೇ ಕ್ರೀಮ್ ಚೀಸ್ ಮಾಡುವ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಕುದಿಯುವ ಹಾಲಿಗೆ ನಿಂಬೆರಸವನ್ನು ಒಂದೇ ಸಲ ಸುರಿಯಿರಿ ಎಂದಿದ್ದೀರಲ್ಲ, ಅದೊಂದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ನನಗೆ ಸಿಕ್ಕಿದ್ದು ರಬ್ಬರಿನಂಥ ಗಟ್ಟಿ ಪನೀರು. ಈಗ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಒಂದೊಂದೇ ಚಮಚ ಹಾಕುತ್ತೇನೆ. 1 ಲೀಟರ್ ಗಟ್ಟಿ ಹಾಲಿಗೆ ಸುಮಾರು 3 ದೊಡ್ಡ ಚಮಚ ಸಾಕು. ತಿಳಿ ನೀರು ಬೇರೆಯಾದ ಕೂಡಲೇ ನಿಲ್ಲಿಸಿಬಿಡಬೇಕು, ಇಲ್ಲದಿದ್ದರೆ ಹುಳಿ ಜಾಸ್ತಿ.

ಬಟ್ಟೆಯಲ್ಲಿ ಸೋಸಿ 15 ನಿಮಿಷ ಬಿಡಿ, ಪೂರ್ತಿ ಹಿಂಡಬೇಡಿ. ಇನ್ನೂ ಬೆಚ್ಚಗಿರುವಾಗಲೇ ಉಪ್ಪು, 2 ಚಮಚ ಕೆನೆ ಹಾಕಿ ಮಿಕ್ಸಿಯಲ್ಲಿ ತಿರುವಿದರೆ ಬೆಣ್ಣೆಯಂಥ ನುಣುಪು ಬರುತ್ತದೆ. ತಣ್ಣಗಾದ ಮೇಲೆ ಎಷ್ಟು ತಿರುವಿದರೂ ತರಿತರಿಯೇ.

ಡಬ್ಬಿಯ ಚೀಸಿಗೆ ಗ್ವಾರ್ ಗಮ್, ಕ್ಸಾಂಥನ್ ಗಮ್ ಎಂಬ ಅಂಟುಗಳನ್ನು ಹಾಕುವುದು ನೀರು ಬಿಡದಿರಲಿ ಅಂತ. ಸೋರ್ಬೇಟ್ ಎಂಬ ಕೆಡದಂತೆ ಕಾಯುವ ವಸ್ತು ಹಾಕುವುದು ಬೂಸ್ಟು ಬರದಿರಲಿ ಅಂತ. ಮಕ್ಕಳಿಗೆ ಅವಿಲ್ಲದ್ದನ್ನು ಕೊಡುವುದೇ ನನಗೆ ದೊಡ್ಡ ಸಮಾಧಾನ. ಆದರೆ ಅವಿಲ್ಲದ ಕಾರಣ ಮರುದಿನ ಮೇಲೆ ಸ್ವಲ್ಪ ನೀರು ನಿಲ್ಲುತ್ತದೆ. ಕೆಟ್ಟಿತು ಅಂತ ಸುಮ್ನೆ ಚೆಲ್ಲಬೇಡಿ, ಕಲಸಿದರೆ ಸರಿಹೋಗುತ್ತದೆ. ಫ್ರಿಜ್‌ನಲ್ಲಿಟ್ಟು 4-5 ದಿನದೊಳಗೆ ಮುಗಿಸಿ.