ನಮಗಿಂತ ಮೊದಲು ನಮ್ಮ ಚೀಲಗಳು

ಅತ್ತಿಗೆಯ ಮೊಣಕಾಲು ನೋವು ಗುಣವಾದರೆ ಶಿವರಾತ್ರಿಗೆ ನಡೆದೇ ಬರುತ್ತೇವೆ ಎಂದು ಭಾವ ಧರ್ಮಸ್ಥಳದ ಮಂಜುನಾಥಸ್ವಾಮಿಗೆ ಹರಕೆ ಹೇಳಿಕೊಂಡಿದ್ದರು. ಯಾರು ಯಾರು ಬರುತ್ತೀರಿ ಎಂದು ದೇವರು ಕೇಳಲಿಲ್ಲ. ಭಾವನೂ ನಮ್ಮನ್ನು ಕೇಳಲಿಲ್ಲ. ಮೊಣಕಾಲು ಮಾತ್ರ ಗುಣವಾಯಿತು. ಎಷ್ಟರ ಮಟ್ಟಿಗೆ ಎಂದರೆ, ಮಂಗಳೂರಿನ ಕದ್ರಿಯಿಂದ ಬೆಳಗಿನ ಜಾವ ಹೊರಟ ನಮ್ಮ ತಂಡದಲ್ಲಿ ಅತ್ತಿಗೆ ಎಲ್ಲರಿಗಿಂತ ಒಂದು ಫರ್ಲಾಂಗು ಮುಂದಿದ್ದರು. ಯಾವ ನೋವೂ ಇಲ್ಲದೆ ಹೊರಟ ನಾನು ಪಡೀಲು ದಾಟುವಷ್ಟರಲ್ಲಿ ಹೊಸದೊಂದು ಹರಕೆ ಹೇಳಿಕೊಳ್ಳುವ ಸ್ಥಿತಿಗೆ ಬಂದಿದ್ದೆ.

ಮಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿಲೋಮೀಟರ್. ದೂರಕ್ಕಿಂತ ದೊಡ್ಡ ಕಷ್ಟ ಬಸ್ಸುಗಳದ್ದು. ಬೇರೆ ದಿನ ಕೈ ಅಡ್ಡ ಹಿಡಿದರೂ ನಿಲ್ಲದ ಬಸ್ಸುಗಳು ಅಂದು ಅಡ್ಯಾರಿನಿಂದ ಫರಂಗಿಪೇಟೆಯವರೆಗೆ ಒಂದೊಂದಾಗಿ ಪಕ್ಕಕ್ಕೆ ಬಂದು ನಿಧಾನಿಸಿದವು. ‘ಬನ್ನಿ, ಬನ್ನಿ, ಸೀಟಿದೆ’ ಎಂದು ನಿರ್ವಾಹಕರು ಬಾಗಿಲಲ್ಲಿ ಜೋತು ಕರೆದರು. ಸೀಟು ನಿಜವಾಗಿಯೂ ಇತ್ತು. ಅದೇ ಸಂಕಟ. ನಾವು ಬೇಡವೆಂದು ತಲೆಯಾಡಿಸಿದಾಗ ಕಿಟಕಿ ಬದಿಯಲ್ಲಿ ಕುಳಿತವರು ನಮ್ಮತ್ತ ನೋಡಿದ ನೋಟದಲ್ಲಿ ಭಕ್ತಿಗಿಂತ ಕನಿಕರ ಹೆಚ್ಚಿತ್ತು.

ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟು ಇದೆ. ಮಂಗಳೂರು ಕುಡಿಯುವುದು ಇಲ್ಲಿಯ ನೀರನ್ನೇ. ನಮ್ಮ ಮನೆಯ ನಲ್ಲಿಯಲ್ಲಿ ನೀರು ಒಂದು ದಿನ ತಡವಾದರೂ ಬೈಯುತ್ತಿದ್ದವನು ನಾನು. ಅದು ಬರುವ ದಾರಿಯನ್ನು ಬಿಸಿಲಿನಲ್ಲಿ ಎದುರಿನಿಂದ ನಡೆದು ನೋಡಿದ ಮೇಲೆ, ಪಾಪ, ಎರಡು ದಿನ ತೆಗೆದುಕೊಳ್ಳಲಿ ಎನ್ನಿಸಿತು.

ನಮ್ಮ ಚೀಲಗಳೆಲ್ಲ ಒಂದು ಪಿಕಪ್ ವಾಹನದಲ್ಲಿದ್ದವು. ರಾತ್ರಿಯ ತಂಗುವಿಕೆ ಬಂಟ್ವಾಳ ಪೇಟೆಯಲ್ಲಿ, ಭಾವನ ದೊಡ್ಡಮ್ಮನ ಮನೆಯಲ್ಲಿ. ಮನೆ ವೆಂಕಟರಮಣ ದೇವಸ್ಥಾನಕ್ಕೆ ಹತ್ತಿರ. ಆದ್ದರಿಂದ ಭಾವ ಚಾಲಕ ಹುಡುಗನಿಗೆ, ‘ನೀನು ಮುಂದೆ ಹೋಗಿ ನೇತ್ರಾವತಿ ಹತ್ತಿರದ ದೇವಸ್ಥಾನದಲ್ಲಿ ಕಾಯುತ್ತಿರು’ ಎಂದು ಹೇಳಿ ಕಳುಹಿಸಿದ್ದರು. ಹುಡುಗ ಬುದ್ಧಿವಂತ. ಇವರು ಹೊರಟಿರುವುದು ಧರ್ಮಸ್ಥಳಕ್ಕೆ. ಅಲ್ಲಿಯೂ ನೇತ್ರಾವತಿ ಇದೆ, ದೇವಸ್ಥಾನವೂ ಇದೆ. ಅವನು ನೇರವಾಗಿ ಅಲ್ಲಿಗೇ ಹೋಗಿ ಕಾಯತೊಡಗಿದ. ಸಂಜೆ ನಾವು ಬಂಟ್ವಾಳ ತಲುಪಿ ಫೋನ್ ಮಾಡಿದಾಗ ಬಂದ ಉತ್ತರ ಹೀಗಿತ್ತು: ‘ದರ್ಶನ ಆಯಿತು ಅಣ್ಣ, ಅನ್ನಪೂರ್ಣದಲ್ಲಿ ಊಟವೂ ಆಯಿತು. ನೀವು ಎಲ್ಲಿ ಮುಟ್ಟಿದಿರಿ?’

ಭಾವ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ದಿಟ್ಟಿಸಿ ನೋಡಿದರು. ಅತ್ತಿಗೆ ನಕ್ಕರು. ನನ್ನ ಪಾದದ ಬೊಬ್ಬೆಗೆ ಹಚ್ಚಬೇಕಾದ ಮುಲಾಮು ಶ್ರೀಕ್ಷೇತ್ರದಲ್ಲಿತ್ತು.

ಹೀಗೆ ನಾವು ಬಂಟ್ವಾಳ ಪೇಟೆಗೆ ಖರೀದಿಗೆ ಇಳಿಯಬೇಕಾಯಿತು. ಈ ಪೇಟೆಯ ಕುರಿತು ಒಂದು ಮಾತು ಹೇಳಲೇಬೇಕು. ಮಂಗಳೂರಿನ ನಮ್ಮಂಥವರು ಬಂಟ್ವಾಳವನ್ನು ನೋಡಿದ್ದೇವೆ ಎಂದು ಹೇಳುವಾಗ ನೋಡಿರುವುದು ಬಿ.ಸಿ. ರೋಡನ್ನು. ಬಂಟ್ವಾಳಕ್ಕೆ ತಿರುಗುವ ಅಡ್ಡರಸ್ತೆ ತಾನೇ ಊರಾಗಿ ಬೆಳೆದು, ಬಸ್ಸು, ಕಚೇರಿ, ಗದ್ದಲ ಎಲ್ಲವನ್ನೂ ಇಟ್ಟುಕೊಂಡಿತು. ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಬಂದು ದೋಣಿ ಹತ್ತುತ್ತಿದ್ದ ಹಳೆಯ ಪೇಟೆ, 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ ಊರು, ಸ್ವಲ್ಪ ಆಚೆ ಹೊಳೆಬದಿಯಲ್ಲಿ ಉಳಿಯಿತು. ಧರ್ಮಸ್ಥಳದ ವಾಹನಗಳೂ ಈಗ ಬೈಪಾಸಿನಲ್ಲೇ ಹೋಗುತ್ತವೆ. ಇಕ್ಕಟ್ಟಾದ ಬೀದಿ, ಹಂಚಿನ ಮಾಡು, ಮರದ ಹಲಗೆಯ ಬಾಗಿಲಿನ ಅಂಗಡಿಗಳು. ಚೀಲ ಕಳೆದುಕೊಂಡ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಊರು ಸಿಗಲಾರದು. ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಪಂಚೆಯವರೆಗೆ ಎಲ್ಲವೂ ನೂರು ಹೆಜ್ಜೆಯೊಳಗೆ ಇತ್ತು, ಮತ್ತು ಅದಕ್ಕಿಂತ ಹೆಚ್ಚು ನಡೆಯುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಬಟ್ಟೆ ಅಂಗಡಿಯ ಯಜಮಾನರು ಪಂಚೆ ತೋರಿಸುವ ಮೊದಲು ಗೋಡೆ ತೋರಿಸಿದರು. ಬನಿಯನ್ನಿನ ಕಪಾಟಿನ ಮೇಲೆ ಅಂಗೈ ಇಟ್ಟು, ‘1974ರ ನೆರೆ. ಇಲ್ಲಿಯವರೆಗೆ’ ಎಂದರು. ನಾವು ಬೆರಗಾಗಿ ನೋಡುತ್ತಿದ್ದಂತೆ ಪಕ್ಕದ ಜೀನಸಿ ಅಂಗಡಿಯ ಹಿರಿಯರು ಬಂದು ನಿಂತರು. ‘ಅವರದ್ದು ಎತ್ತರದ ಜಾಗ ಮಾರಾಯರೇ. ನಮ್ಮಲ್ಲಿ ಬಂದು ನೋಡಿ’ ಎಂದರು. ಅಲ್ಲಿ ನೀರು ಮತ್ತೂ ಒಂದು ಮೊಳ ಮೇಲಕ್ಕೆ ಹೋಗಿತ್ತು. ಬಟ್ಟೆ ಅಂಗಡಿಯವರು ಅದನ್ನು ಒಪ್ಪಲಿಲ್ಲ. 2019ರಲ್ಲೂ ನೀರು ಬಂದಿತ್ತಲ್ಲ ಎಂದು ನನ್ನ ಅಳಿಯ ಬಾಯಿ ಹಾಕಿದ. ಅಷ್ಟು ಹೊತ್ತು ಜಗಳವಾಡುತ್ತಿದ್ದ ಇಬ್ಬರೂ ಒಂದಾಗಿ ಅವನನ್ನು ನೋಡಿದರು. ‘ಅದೊಂದು ನೆರೆಯೇ?’ ಎಂದರು. ಇಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್ ಎಂದು ಮಳೆಗಾಲದಲ್ಲಿ ಪತ್ರಿಕೆಗಳು ಬರೆಯುತ್ತವೆ. ಪೇಟೆಯವರ ಲೆಕ್ಕದಲ್ಲಿ ಅದು ಸುದ್ದಿಯಾಗುವ ಮಟ್ಟ ಅಲ್ಲ.

ಮನೆಗೆ ಬಂದು ಈ ವಿಷಯ ಹೇಳಿದ್ದೇ ದೊಡ್ಡಮ್ಮ ಕಡುಬಿನ ಪಾತ್ರೆಯನ್ನು ಕೆಳಗಿಟ್ಟರು. ‘1974 ಎಂಥದ್ದು? 1923ರ ಮಾರಿಬೊಳ್ಳವೇ ಬೊಳ್ಳ’ (ತುಳುವಿನಲ್ಲಿ ಬೊಳ್ಳ ಎಂದರೆ ನೆರೆ) ಎಂದು, ಅಂದಿನ ನೀರು ಹೊಳೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಬಂದ ದಾರಿಯನ್ನು ಬೆರಳಿನಲ್ಲಿ ತೋರಿಸಿದರು. ದೊಡ್ಡಮ್ಮ ಆಗ ಹುಟ್ಟಿರಲಿಲ್ಲ. ಆದರೆ ಅತ್ತೆ ಕಂಡದ್ದನ್ನು ಸೊಸೆ ಸ್ವತಃ ಕಂಡಂತೆ ಹೇಳುವ ಹಕ್ಕು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಅಡ್ಡ ಮಾತನಾಡಿದರೆ ಎರಡನೆಯ ಕಡುಬು ಸಿಗುವುದಿಲ್ಲ.

ಅಳಿಯ ಬೆಂಗಳೂರಿನವನು. ಮಡಚುವ ಊರುಗೋಲು, ಹೆಜ್ಜೆ ಎಣಿಸುವ ಗಡಿಯಾರ, ಕೊಳವೆಯಿಂದ ನೀರು ಹೀರುವ ಚೀಲ ಎಲ್ಲವನ್ನೂ ತಂದಿದ್ದ. ಈಗ ಉಳಿದದ್ದು ಊರುಗೋಲು ಮತ್ತು ಗಡಿಯಾರ. ಹುಟ್ಟಿದ ಮೇಲೆ ಮೊದಲ ಬಾರಿಗೆ ಪಂಚೆ ಉಟ್ಟು, ಅದು ಜಾರದಂತೆ ಪ್ಯಾಂಟಿನ ಬೆಲ್ಟು ಬಿಗಿದು, ಕೆಳಗೆ ಓಡುವ ಬೂಟು ಹಾಕಿಕೊಂಡು ಬೆಳಗ್ಗೆ ಅಂಗಳಕ್ಕೆ ಬಂದಾಗ ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು. ಹೆಜ್ಜೆ ದೊಡ್ಡದಾದರೆ ಪಂಚೆ ಬಿಚ್ಚುತ್ತಿತ್ತು; ಸಣ್ಣದಾದರೆ ಗಡಿಯಾರ ಅದನ್ನು ಹೆಜ್ಜೆಯೆಂದು ಒಪ್ಪುತ್ತಿರಲಿಲ್ಲ.

ಪುಂಜಾಲಕಟ್ಟೆಯ ಹತ್ತಿರ ಯಾತ್ರಿಕರಿಗೆ ಪಾನಕ ಹಂಚುತ್ತಿದ್ದರು. ಹೊಸ ಪಂಚೆ, ಬರಿಗೈ, ಬೆನ್ನಿನ ಮೇಲೆ ಒಂದು ಕರವಸ್ತ್ರದಷ್ಟೂ ಭಾರವಿಲ್ಲ. ಹಂಚುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಆಪಾದಮಸ್ತಕ ನೋಡಿ, ದೊಡ್ಡ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ ಹುಡುಗರಿಗೆ ಕೇಳಿಸುವಂತೆ ಹೇಳಿದರು: ‘ನೋಡಿ, ಕಲಿಯಿರಿ. ಏನನ್ನೂ ಕಟ್ಟಿಕೊಳ್ಳದೆ ಹೊರಟಿದ್ದಾರೆ. ಭಕ್ತಿ ಎಂದರೆ ಇದು.’

ಭಾವ ಕಣ್ಣು ಮುಚ್ಚಿ, ‘ಎಲ್ಲ ಸ್ವಾಮಿಯ ಇಚ್ಛೆ’ ಎಂದರು. ಅತ್ತಿಗೆ ಏನೋ ಹೇಳಲು ಬಾಯಿ ತೆರೆದರು. ಭಾವ ಅವಸರದಲ್ಲಿ ತಮ್ಮ ಪಾಲಿನ ಪಾನಕವನ್ನೂ ಅವರ ಕೈಗೆ ಕೊಟ್ಟರು.